ಕಾಲಿಗೆ ಕಲಿಯಲು ಬೇಕಾದ ಸಮಯ: ಒಂದು ಆಪ್ತಸಲಹೆ ಪ್ರಕರಣ

ನಲವತ್ತೆರಡು ವರ್ಷದ ಈ ಮಹಿಳೆ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದ ಬ್ಯಾಂಕ್ ಅಧಿಕಾರಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಸ್ಸಿನ ಅನುಕೂಲವಿಲ್ಲದ ಶಾಖೆಗೆ ವರ್ಗವಾದ ಮೇಲೆ ಕಾರು ಕಲಿಯಲು ಹೊರಟ ಅವರು, ಇಪ್ಪತ್ತೆರಡು ಪಾಠಗಳಾದರೂ ಏರಿನಲ್ಲಿ ಗಾಡಿ ಆಫ್ ಆಗುವುದು ತಪ್ಪಲಿಲ್ಲವೆಂದು ನನ್ನ ಬಳಿ ಬಂದರು. "ಮೇಡಂ, ಇಷ್ಟೊಂದು ಓದಿದೀರ, ಒಂದು ಕ್ಲಚ್ ಬಿಡೋಕೆ ಬರಲ್ವಾ?" ಎಂದು ಕಲಿಸುವವನು ಕೇಳಿದ್ದು ಅವರ ಮನಸ್ಸಿನಲ್ಲಿ ನಾಟಿಕೊಂಡಿತ್ತು. ಅದಕ್ಕಿಂತ ಹೆಚ್ಚು ಅವರನ್ನು ಕುಗ್ಗಿಸಿದ್ದು, ಒಂದು ತರಬೇತಿ ಕೇಂದ್ರದವರು ಮಿದುಳಿನ ಅಲೆಗಳನ್ನು ಅಳೆಯುವ ಪಟ್ಟಿಯನ್ನು ಹಣೆಗೆ ಕಟ್ಟಿ ಹತ್ತು ನಿಮಿಷದಲ್ಲಿ ಕೊಟ್ಟ ವರದಿ: ಬೀಟಾ ಅಲೆ ದುರ್ಬಲ, ಚಲನಬುದ್ಧಿ ಕಡಿಮೆ. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಿದ್ದರು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿಯುವಷ್ಟು ಸಲ ಬಿಚ್ಚಿ ಓದಿದ್ದರು.

ಕೈನಡುಕ, ಕಾಲಿನ ಜೋಮು, ಎಡವುವುದು, ಕೈಬರಹದ ಬದಲಾವಣೆ ಯಾವುದೂ ಇರಲಿಲ್ಲ. ಬಾಲ್ಯದಲ್ಲಿ ಸೈಕಲ್ಲನ್ನು ಸಹಜವಾಗಿಯೇ ಕಲಿತಿದ್ದರು. ಹಾಗಾಗಿ ನರರೋಗ ತಜ್ಞರ ಬಳಿ ಕಳಿಸುವ ಅಗತ್ಯ ಕಾಣಲಿಲ್ಲ.

ಕ್ಲಚ್ ಹೇಗೆ ಕೆಲಸ ಮಾಡುತ್ತದೆಂದು ಕೇಳಿದಾಗ ಅವರು ಎರಡು ತಟ್ಟೆಗಳ ಚಿತ್ರ ಬರೆದು ಸ್ಪಷ್ಟವಾಗಿ ವಿವರಿಸಿದರು. ಬುದ್ಧಿ ತನ್ನ ಪಾಲಿನ ಕೆಲಸವನ್ನು ಮೊದಲ ದಿನವೇ ಮುಗಿಸಿತ್ತು ಎಂದು ಅವರಿಗೆ ಹೇಳಿದೆ. ಹೊಸ ಕೌಶಲದ ಆರಂಭದಲ್ಲಿ ಸಾಮಾನ್ಯ ಬುದ್ಧಿಶಕ್ತಿಯ ಪ್ರಭಾವ ಹೆಚ್ಚಿದ್ದು, ಅಭ್ಯಾಸ ಮುಂದುವರಿದಂತೆ ಅದು ಇಳಿಯುತ್ತದೆಂದು ಮನೋವಿಜ್ಞಾನಿ ಫಿಲಿಪ್ ಆಕರ್ಮನ್ 1988ರಲ್ಲಿ ವಿವರಿಸಿದ್ದರು. ಕೈಕಾಲಿನ ಕಲಿಕೆಗೆ ಮಿದುಳಿನಲ್ಲಿ ಬೇರೆಯೇ ದಾರಿಯಿದೆ. 1953ರ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ಎಚ್.ಎಂ. ಎಂಬ ರೋಗಿ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚು ಗೀರುವುದನ್ನು ಮೂರು ದಿನಗಳಲ್ಲಿ ಕಲಿತದ್ದನ್ನು ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ದಾಖಲಿಸಿದ್ದಾರೆ. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಆತನಿಗೆ ನೆನಪಿರುತ್ತಿರಲಿಲ್ಲ, ಕೈಗೆ ಮಾತ್ರ ನೆನಪಿತ್ತು.

ಇನ್ನು ಆ ವರದಿ. ಸೆಕೆಂಡಿಗೆ ಸುಮಾರು 13ರಿಂದ 30 ಸಲ ಮಿಡಿಯುವ ಬೀಟಾ ಲಯಕ್ಕೂ ಚಲನೆಗೂ ನಂಟಿರುವುದು ನಿಜ: ಅಂಗವನ್ನು ಅಲುಗಿಸುವ ಮೊದಲು ಅದು ತಗ್ಗುತ್ತದೆ, ಚಲನೆ ಮುಗಿದ ಮೇಲೆ ಮತ್ತೆ ಏರುತ್ತದೆ. ಆದರೆ ಈ ಏರಿಳಿತ ತಿಳಿಯುವುದು ಒಂದೇ ಚಲನೆಯನ್ನು ಹತ್ತಾರು ಸಲ ಮಾಡಿಸಿ ಸರಾಸರಿ ತೆಗೆದಾಗ. ಸುಮ್ಮನೆ ಕುಳಿತವರ ಹಣೆಯ ಮೇಲಿನ ಪಟ್ಟಿಗೆ ಹಣೆಯ ಸ್ನಾಯುಗಳ ಬಿಗಿತವೂ ಅಲೆಯಂತೆಯೇ ಕಾಣಬಲ್ಲದು. ಬುದ್ಧಿಶಕ್ತಿಗೂ ಇಂಥ ಲಯಗಳಿಗೂ ಅಧ್ಯಯನಗಳಲ್ಲಿ ಕಂಡಿರುವ ಸಂಬಂಧ ದುರ್ಬಲವಾದದ್ದು. ಅದನ್ನು ಹಿಡಿದು ಒಬ್ಬ ವ್ಯಕ್ತಿಗೆ ಅಂಕ ಕೊಡುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ನನ್ನ ಗಮನವಿದ್ದದ್ದು ಅವರ ನಿದ್ರೆಯ ಮೇಲೆ. ರಾತ್ರಿ ಹನ್ನೆರಡರವರೆಗೆ ಕಚೇರಿಯ ಲೆಕ್ಕ, ಬೆಳಗಿನ ಐದೂವರೆಗೆ ಪಾಠ. ಐದು ಗಂಟೆಯ ನಿದ್ರೆಯೂ ಸಿಗುತ್ತಿರಲಿಲ್ಲ. ನಿದ್ರೆಯ ಎರಡನೇ ಹಂತದಲ್ಲಿ ಮಿದುಳಿನ ಅಲೆಗಳು ಕದಿರಿನ ಆಕಾರದಲ್ಲಿ ಸಣ್ಣ ಗೊಂಚಲುಗಳಾಗಿ ಏಳುತ್ತವೆ, ಮತ್ತು ಹಗಲಿನಲ್ಲಿ ಕಲಿತ ಚಲನೆ ಗಟ್ಟಿಯಾಗುವುದಕ್ಕೂ ಇವುಗಳಿಗೂ ಸಂಬಂಧ ಕಂಡುಬಂದಿದೆ. 2002ರ ಒಂದು ಪ್ರಯೋಗದಲ್ಲಿ ಬೆರಳು ತಟ್ಟುವ ವೇಗ ಒಂದು ರಾತ್ರಿಯ ನಿದ್ರೆಯ ನಂತರ ಸುಮಾರು 20 ಶೇಕಡ ಹೆಚ್ಚಿತ್ತು. ದಣಿವಿನ ಪರಿಣಾಮವನ್ನು ಕಳೆದು ನೋಡಿದ ನಂತರದ ಅಧ್ಯಯನಗಳಲ್ಲಿ ಈ ಲಾಭ ಕಡಿಮೆಯಾಗಿ ಕಂಡಿತೆಂಬುದನ್ನೂ ಅವರಿಗೆ ಮುಚ್ಚಿಡಲಿಲ್ಲ.

ಪಾಠವನ್ನು ಸಂಜೆಗೆ ಬದಲಿಸಿ, ಕನಿಷ್ಠ ಏಳು ಗಂಟೆ ಮಲಗಲು ಹೇಳಿದೆ. ಎರಡು ವಾರ ಏರಿನ ರಸ್ತೆ ಬೇಡ. ಸಮತಟ್ಟಾದ ಖಾಲಿ ಮೈದಾನದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚೊಂದರಿಂದಲೇ ಗಾಡಿಯನ್ನು ನಿಧಾನವಾಗಿ ಸರಿಸುವುದಷ್ಟೇ ಸಾಕು. ಪಾದ ಎಷ್ಟು ಮೇಲೆ ಬಂತೆಂದು ಲೆಕ್ಕ ಹಾಕುವ ಬದಲು, ಎಂಜಿನ್ನಿನ ಸದ್ದು ತಗ್ಗಿ ಗಾಡಿ ಸಣ್ಣಗೆ ನಡುಗುವ ಕ್ಷಣಕ್ಕೆ ಕಿವಿಗೊಡಬೇಕು. ಕಲಿಸುವವರನ್ನು ಬದಲಾಯಿಸಿಕೊಳ್ಳಲು ಸಂಕೋಚ ಬೇಡವೆಂದೂ ಹೇಳಿದೆ.

ಐದನೆಯ ಭೇಟಿಗೆ ಬರುವಷ್ಟರಲ್ಲಿ ಶಾಖೆಯ ಮುಂದಿನ ಏರನ್ನು ಮೂರು ಸಲ ಹತ್ತಿಸಿದ್ದರು. ಒಮ್ಮೆ ಗಾಡಿ ಆಫ್ ಆಗಿ ಹಿಂದಿನವರು ಹಾರ್ನ್ ಹೊಡೆದರೂ ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಶುರು ಮಾಡಿದ್ದರು. ರಿವರ್ಸ್ ಕಲಿಕೆ ಈಗಷ್ಟೇ ಆರಂಭವಾಗಿರುವುದರಿಂದ ಮಲಗಿದ, ಎದ್ದ ಸಮಯವನ್ನು ಇನ್ನೊಂದು ತಿಂಗಳು ಬರೆದಿಡಲು ಸೂಚಿಸಿದ್ದೇನೆ.