ಜಾನ್ ಸ್ನೋ ವಾಪಸ್ ಬರೋದಿರ್ಲಿ, ಏನು ಕಳ್ಕೊಂಡು ಬರ್ತಾನೆ ಅನ್ನೋದು ನೋಡಿ
ಜಾರ್ಜ್ ಆರ್.ಆರ್. ಮಾರ್ಟಿನ್ ಅವ್ರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿಯ ಐದನೇ ಪುಸ್ತಕ ಮುಗಿಸಿದೆ, ಜಾನ್ ನಿಜವಾಗ್ಲೂ ಸತ್ನಾ, ಯಾವ ಥಿಯರಿ ನಂಬ್ಬೇಕು, ಯಾವ ಚಾಪ್ಟರ್ ಮತ್ತೆ ಓದ್ಬೇಕು ಅಂತ ಕೇಳಿದೀರಲ್ಲ, ಸ್ವಲ್ಪ ಉದ್ದ ಆಗತ್ತೆ. ಐದೂ ಪುಸ್ತಕ ಓದಿಲ್ದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಪೂರ್ತಿ ಸ್ಪಾಯ್ಲರ್.

ಮೊದಲು ಗೇಮ್ ಆಫ್ ಥ್ರೋನ್ಸ್ ಟೀವಿ ಸೀರೀಸನ್ನ ತಲೆಯಿಂದ ತೆಗ್ದುಬಿಡಿ. ಅಲ್ಲಿ 2015ರಲ್ಲಿ ಜಾನ್‌ನ ಅವನ ನೈಟ್ಸ್ ವಾಚ್‌ನವ್ರೇ (ಉತ್ತರದ ಮಂಜಿನ ಗೋಡೆ ಕಾಯೋ ಪಡೆ) ಚುಚ್ಚಿದ್ರು, 2016ರಲ್ಲಿ ಬೆಂಕಿ ದೇವರ ಪೂಜಾರಿಣಿ ಮೆಲಿಸಾಂಡ್ರೆ ಎಬ್ಬಿಸಿದ್ಲು, ಅವನು ಹೆಚ್ಚುಕಮ್ಮಿ ಮೊದ್ಲಿನ ಹಾಗೇ ಓಡಾಡ್ಕೊಂಡಿದ್ದ. ಪುಸ್ತಕದಲ್ಲಿ ಅಷ್ಟು ಸಲೀಸಾಗಿ ಆಗಲ್ಲ ಅನ್ನೋಕೆ ಬೇಕಾದಷ್ಟು ಸುಳಿವಿದೆ.

ಐದನೇ ಪುಸ್ತಕದ ಪ್ರೊಲಾಗ್ ಮತ್ತೆ ಓದಿ, ಎಲ್ಲಕ್ಕಿಂತ ಮುಖ್ಯ ಅದೇ. ವಾರಮಿರ್ ಅನ್ನೋ ವಾರ್ಗ್ (ಪ್ರಾಣಿಗಳ ಮೈಯೊಳಗೆ ತನ್ನ ಮನಸ್ಸು ಹೊಗಿಸಬಲ್ಲವನು) ಸಾಯ್ತಾನೆ, ಸತ್ತ ಮೇಲೆ ಅವನ ಜೀವ ತನ್ನ ತೋಳದೊಳಗೆ ಹೋಗತ್ತೆ. ಆದ್ರೆ ಅಲ್ಲಿ ಇದ್ದಷ್ಟು ದಿನ ಮನುಷ್ಯ ಕರಗ್ತಾ ಹೋಗ್ತಾನೆ, ಕೊನೆಗೆ ಪ್ರಾಣಿ ಒಂದೇ ಉಳಿಯೋದು, ಇದನ್ನ ಅವನ ಗುರು ಹ್ಯಾಗನ್ ಹೇಳ್ಕೊಟ್ಟಿರ್ತಾನೆ. ಅದೇ ಪ್ರೊಲಾಗಲ್ಲಿ ವಾರಮಿರ್ ಜಾನ್ ಬಗ್ಗೆನೂ ಯೋಚ್ನೆ ಮಾಡ್ತಾನೆ, ಹುಡುಗನಿಗೆ ಶಕ್ತಿ ಜೋರಾಗಿದೆ ಆದ್ರೆ ಯಾರೂ ಕಲ್ಸಿಲ್ಲ ಅಂತ. ಇಷ್ಟು ದೊಡ್ಡ ಪಾಠ ಸುಮ್ನೆ ಯಾರ್ಗೋಸ್ಕರ ಬರೀತಾರೆ ಹೇಳಿ? ಈಗ ಜಾನ್‌ನ ಕೊನೇ ಚಾಪ್ಟರ್ ತೆಗೀರಿ. ತನ್ನ ತೋಳ ಗೋಸ್ಟನ್ನ ರೂಮಲ್ಲಿ ಕೂಡಿಹಾಕಿ ಹೊರಗೆ ಬಂದಿರ್ತಾನೆ, ಚೂರಿ ಬಿದ್ಮೇಲೆ ಬಾಯಿಂದ ಬರೋ ಕೊನೇ ಮಾತು ಗೋಸ್ಟ್ ಹೆಸ್ರು. ಅದ್ರ ಜೊತೆ ಮೆಲಿಸಾಂಡ್ರೆ ಚಾಪ್ಟರ್ ಕೂಡ ಓದಿ, ಆ ಪುಸ್ತಕದಲ್ಲಿ ಅವಳದು ಒಂದೇ ಇರೋದು, ಬೆಂಕಿಯಲ್ಲಿ ಅವಳಿಗೆ ಜಾನ್ ಒಂದ್ಸಲ ಮನುಷ್ಯ, ಒಂದ್ಸಲ ತೋಳ, ಮತ್ತೆ ಮನುಷ್ಯ ಆಗಿ ಕಾಣ್ತಾನೆ. ನಂಗಂತೂ ಆ ಒಂದು ಸಾಲೇ ಸಾಕು, ದಾರಿ ಪೂರ್ತಿ ಅಲ್ಲೇ ಇದೆ.

ಅಲ್ಲಿವರೆಗೆ ಜಾನ್ ದೇಹ ಕೆಡಲ್ವಾ ಅಂತ ಕೆಲವ್ರು ಕೇಳ್ತಾರೆ. ಗೋಡೆಯೊಳಗಿನ ಮಂಜಿನ ಕೋಣೆಗಳಿವೆಯಲ್ಲ, ಜಾನೇ ಅಲ್ಲಿ ಎರಡು ಹೆಣ ಇಡ್ಸಿರ್ತಾನೆ, ಆ ಜಾಗ ನಮ್ಗೆ ಮೊದ್ಲೇ ತೋರ್ಸಿಟ್ಟಿದಾರೆ.

ಇನ್ನು ಬೆಲೆ ಏನು ಅನ್ನೋದಕ್ಕೆ ಮೂರನೇ ಪುಸ್ತಕದಲ್ಲಿ ಆರ್ಯಾ ಚಾಪ್ಟರ್‌ಗಳಿಗೆ ಹೋಗಿ. ಬೆರಿಕ್ ಅನ್ನೋ ಸರದಾರನ್ನ ಅದೇ ಬೆಂಕಿ ದೇವರ ಪೂಜಾರಿ ಥೋರೋಸ್ ಆರು ಸಲ ಸಾವಿಂದ ಎಬ್ಬಿಸಿರ್ತಾನೆ, ಗಾಯ ಒಂದೂ ಮಾಯಲ್ಲ, ತನ್ನ ಕೋಟೆ ನೆನಪಿಲ್ಲ, ಮದುವೆ ಆಗ್ಬೇಕಿದ್ದ ಹುಡುಗಿ ಕೂದಲು ಯಾವ ಬಣ್ಣ ಅಂತಾನೂ ನೆನಪಿಲ್ಲ. ಓದುವಾಗ ಎದೆ ಹಿಂಡತ್ತೆ. ಆರ್ಯಾಳ ತಾಯಿ ಕೇಟ್ಲಿನ್ ಕಥೆ ಇನ್ನೂ ಘೋರ, ಮೂರು ದಿನ ನೀರಲ್ಲಿದ್ದು ಎದ್ದವಳಲ್ಲಿ ಸೇಡು ಬಿಟ್ರೆ ಬೇರೇನೂ ಇಲ್ಲ. 2017ರ ಇಂಟರ್ವ್ಯೂ ಒಂದ್ರಲ್ಲಿ ಮಾರ್ಟಿನ್ ಅವ್ರೇ ಬೆರಿಕ್ ಬೆಂಕಿಯಿಂದ ನಡೆಯೋ ಹೆಣ, ಎದೆಬಡಿತಾನೂ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿದಾರೆ. ಹಾಗಾಗಿ ಜಾನ್ ಗೋಸ್ಟ್ ಒಳಗೆ ಉಳ್ಕೊಂಡ್ರೆ ನೆನಪು ಉಳೀಬಹುದು, ಆದ್ರೆ ತೋಳದ ಸಿಟ್ಟು ಒಂದಿಷ್ಟು ಅವನ ಜೊತೆ ವಾಪಸ್ ಬರತ್ತೆ ಅಂತ ನನ್ನ ಲೆಕ್ಕ.

ಉಪ್ಪು-ಹೊಗೆ ನಡುವೆ, ರಕ್ತ ಸುರಿಸೋ ನಕ್ಷತ್ರದ ಕೆಳಗೆ ಅಜೋರ್ ಅಹಾಯ್ ಅನ್ನೋ ವೀರ ಮತ್ತೆ ಹುಟ್ತಾನೆ ಅನ್ನೋ ಭವಿಷ್ಯವಾಣಿ ಥಿಯರಿ, ಅಂದ್ರೆ ಚುಚ್ಚಿದವ್ರಲ್ಲೊಬ್ಬ ಬೋವೆನ್ ಮಾರ್ಷ್ ಕಣ್ಣೀರು ಉಪ್ಪು, ಚಳಿಗೆ ಹಬೆಯಾಡೋ ಗಾಯ ಹೊಗೆ, ಪ್ಯಾಟ್ರೆಕ್ ಅನ್ನೋ ಯೋಧನ ಬಟ್ಟೆ ಮೇಲಿನ ರಕ್ತ ಬಿದ್ದ ನಕ್ಷತ್ರ, ಇದು ಚೆನ್ನಾಗಿ ಹೊಂದತ್ತೆ, ಆದ್ರೆ ಅವನೇ ಅಜೋರ್ ಅಹಾಯ್ ಅಂತ ಹೇಳೋಕಷ್ಟೇ ಉಪಯೋಗ, ಹೇಗೆ ಏಳ್ತಾನೆ ಅಂತ ಹೇಳಲ್ಲ. ಸತ್ರೆ ನೈಟ್ಸ್ ವಾಚ್ ಪ್ರತಿಜ್ಞೆ ಮುಗೀತು, ಇನ್ನು ಗೋಡೆ ಬಿಟ್ಟು ಹೋಗ್ಬಹುದು ಅನ್ನೋ ವಾದಕ್ಕೆ ಮಾತ್ರ ನನ್ನ ಪೂರ್ತಿ ಓಟು, ಪ್ರತಿಜ್ಞೆ ಸಾಯೋವರೆಗೂ ಅಂತಾನೇ ಇದೆ. ಪ್ರೊಲಾಗ್, ಮೆಲಿಸಾಂಡ್ರೆ, ಜಾನ್ ಕೊನೇದು, ಆಮೇಲೆ ಬೆರಿಕ್, ಇದೇ ಆರ್ಡರಲ್ಲಿ ಓದಿ, ಅನ್ಸಿದ್ದು ಇಲ್ಲೇ ಬರೀರಿ.