ಮೇಷ್ಟ್ರನ್ನು ಕೇಳಿ: ಅಜ್ಜಿ ಯಾವ ಮನೆಯವಳು?

ಪ್ರಶ್ನೆ: ಮೇಷ್ಟ್ರೇ, ನಾನು ಸರ್ಕಾರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನೀರಾವರಿ ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಉಳ್ಳವರು, ಇಲ್ಲದವರ ಅಂತರ ಏನಾಯಿತು ಅಂತ ನೋಡುವ ಆಸೆ. ಅರ್ಥಶಾಸ್ತ್ರದವರು, ಸಂಖ್ಯಾಶಾಸ್ತ್ರದವರು ಜೊತೆಗಿದ್ದಾರೆ. ಮೂರು ಮೀಟಿಂಗ್ ಆಯ್ತು, ಟೀ ಖರ್ಚಾಯ್ತು ಅಷ್ಟೆ. ಅವರು ‘ಮೊದಲು ಫಾರಂ ಪ್ರಿಂಟ್ ಮಾಡಿಸೋಣ’ ಅಂತಾರೆ. ನಾನು ‘ಮೊದಲು ಊರಿಗೆ ಹೋಗೋಣ’ ಅಂತೀನಿ. ಯಾರು ಸರಿ?
– ಉಪನ್ಯಾಸಕಿ, ಹಾಸನ ಜಿಲ್ಲೆ

ಉತ್ತರ: ನೀವೇ ಸರಿ. ಆದರೆ ಒಬ್ಬರೇ ಹೋಗಬೇಡಿ, ಅವರನ್ನೂ ಎಳೆದುಕೊಂಡು ಹೋಗಿ.

ಮೂವತ್ತು ವರ್ಷದ ಹಿಂದೆ ಮಂಡ್ಯ ಕಡೆಯ ಒಂದು ಹಳ್ಳಿಗೆ ನಾವೂ ಪ್ರಿಂಟಾದ ಫಾರಂ ಹಿಡಿದೇ ಹೋಗಿದ್ದೆವು. ಮೊದಲ ಸಾಲು, ‘ಮನೆಯಲ್ಲಿ ಎಷ್ಟು ಜನ?’ ಒಂದೇ ಒಲೆಯಲ್ಲಿ ಬೇಯಿಸಿದ್ದು ಉಣ್ಣುವವರು ಒಂದು ಮನೆ ಅಂತ ಲೆಕ್ಕ. ಮೊದಲ ದಿನವೇ ಒಬ್ಬ ಅಜ್ಜಿ ಸಿಕ್ಕಿತು. ದೊಡ್ಡ ಮಗನ ಮನೆಯಲ್ಲಿ ಹದಿನೈದು ದಿನ ಊಟ, ಚಿಕ್ಕವನ ಮನೆಯಲ್ಲಿ ಹದಿನೈದು ದಿನ. ಮಲಗೋದು ಜಗಲಿಯಲ್ಲಿ. ನಮ್ಮ ಹುಡುಗರು ಅಜ್ಜಿಯನ್ನು ಎರಡೂ ಫಾರಂನಲ್ಲಿ ಬರೆದುಬಿಟ್ಟಿದ್ದರು. ಸಂಖ್ಯಾಶಾಸ್ತ್ರದವರು ‘ಯಾವುದಾದರೂ ಒಂದಕ್ಕೆ ಹಾಕಿ’ ಅಂದರು. ‘ಹೊಲದ ಜೊತೆ ಅಜ್ಜಿಯೂ ಪಾಲಾಗಿದೆ, ನಾವು ಬರೆಯಬೇಕಾದದ್ದು ಅದನ್ನೇ’ ಅಂತ ನಾನು. ತಂಡದ ಡಾಕ್ಟರಮ್ಮ ಮಾತ್ರ ಅಜ್ಜಿಯನ್ನೇ ಕೇಳಿದರು, ‘ಮಾತ್ರೆ ಯಾರು ತಂದುಕೊಡ್ತಾರೆ?’

‘ಇವನ ಪಾಳಿಲಿ ಅವ್ನು ತರ್ಲಿ ಅಂತಾನೆ, ಅವನ ಪಾಳಿಲಿ ಇವ್ನು ತರ್ಲಿ ಅಂತಾನೆ ಕಣವ್ವ.’

ರಾತ್ರಿ ಮುದ್ದೆ, ಬಸ್ಸಾರು ಮುಂದಿಟ್ಟುಕೊಂಡು ಜಗಳವಾಡಿದೆವು. ಕೈ ಒಣಗುವವರೆಗೆ. ಬೆಳಿಗ್ಗೆ ಎಲ್ಲ ಫಾರಂನಲ್ಲೂ ಸ್ಕೇಲ್ ಇಟ್ಟು ‘ಪಾಳಿ’ ಅಂತ ಒಂದು ಕಾಲಂ ಗೆರೆ ಎಳೆದೆವು. ಇಂಥ ಜಗಳ ಕಾಲೇಜಿನ ಮೀಟಿಂಗ್‌ನಲ್ಲಿ ಹುಟ್ಟೋದಿಲ್ಲ.

ನೀರಾವರಿ ಅಂದಿರಲ್ಲ, ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಕೆಲಸ ನೋಡಿ. ಮಾನವಶಾಸ್ತ್ರ, ಅರ್ಥಶಾಸ್ತ್ರ ಎರಡೂ ಬಲ್ಲ ಹೆಂಗಸು. 1954ರಲ್ಲಿ ಮಂಡ್ಯ ಸೀಮೆಗೆ ಬಂದು ಎರಡು ಹಳ್ಳಿ ಹಿಡಿದರು. ಅವರ ಬರಹದಲ್ಲಿ ಅವು ವಂಗಲ, ದಲೇನ. ವಂಗಲಕ್ಕೆ ಅದಾಗಲೇ ನಾಲೆ ನೀರು ಬಂದಿತ್ತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ವಂಗಲದವರು ಕಬ್ಬು ಹಾಕಿ ಕಾಸು ಕಂಡರು, ಬೇಸಾಯದಲ್ಲೇ ಉಳಿದರು. ಒಕ್ಕಲಿಗೂ ಆಳಿಗೂ ತಲೆತಲಾಂತರದಿಂದ ಇದ್ದ ಸಂಬಂಧ ಹೆಚ್ಚುಕಮ್ಮಿ ಹಾಗೇ ಉಳಿಯಿತು. ದಲೇನದವರು ಬೇರೆ ದಾರಿಯಿಲ್ಲದೆ ಮಂಡ್ಯದ ಕೆಲಸ, ವ್ಯಾಪಾರ ಅಂತ ಹೊರಗೆ ಹೊರಟರು. ಹಳೆ ಕಟ್ಟು ಜಾಸ್ತಿ ಸಡಿಲವಾದದ್ದು ಅಲ್ಲೇ. ನೀರು ಬಾರದ ಊರಲ್ಲಿ! ಬರೀ ಇಳುವರಿ ಲೆಕ್ಕ ಹಾಕಿದ್ದರೆ ಇದು ಕಾಣುತ್ತಿತ್ತಾ? ಬರೀ ಜಾತಿ ಸಂಬಂಧ ನೋಡುತ್ತಾ ಕೂತಿದ್ದರೂ ಕಾರಣ ಸಿಗುತ್ತಿರಲಿಲ್ಲ. 1970ರಲ್ಲಿ ಅದೇ ಊರುಗಳಿಗೆ ಮತ್ತೆ ಬಂದು ನೋಡಿದರು. ಅವರೊಬ್ಬರೇ ಮಾಡಿದ್ದಕ್ಕೆ ನಮ್ಮಂಥವರು ಮೂವರು ಬೇಕು, ಏನು ಮಾಡೋದು.

ನಾಲೆ ಮುಟ್ಟದ ಒಂದು ಊರನ್ನೂ ನೀವು ಆರಿಸಿಕೊಳ್ಳಿ. ಸಾಲದ ಪ್ರಶ್ನೆ ಮಾತ್ರ ಫಾರಂನ ಕೊನೆಗಿರಲಿ. ಮೊದಲ ದಿನ ಸಾಲ ಹೇಳುವವರು ಯಾರೂ ಇಲ್ಲ.

ಪ್ರಶ್ನೆ: ಎಲ್ಲರೂ ಸೇರಿ ಬರೆಯುವ ಲೇಖನದಲ್ಲಿ ಯಾರ ಹೆಸರು ಮೊದಲು?
– ಅದೇ ಉಪನ್ಯಾಸಕಿ

ಉತ್ತರ: ಊರಿಗೆ ಹೊರಡುವ ಮುಂಚೆಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾವು ಬರೆದಿರಲಿಲ್ಲ. ಸಂಖ್ಯಾಶಾಸ್ತ್ರದವರಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ಆಮೇಲೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ಪಾಯಸ ಬಂದ ಮೇಲೆ ಅವರೇ ಬಾಯಿಬಿಟ್ಟರು: ‘ಆ ಅಜ್ಜಿ ಇದೆಯೇನ್ರೀ?’