ದನದ ಬಾಲದ ಕೂದಲು ಪರೀಕ್ಷಿಸಿ ಮಾಂಸ ಮೆದುವೋ ಅಲ್ಲವೋ ಹೇಳಬಹುದೇ?

ಆಸ್ಟ್ರೇಲಿಯಾದ ಫಾರಂನಲ್ಲಿರುವ ನಿಮ್ಮ ತಮ್ಮ, ಅಲ್ಲಿ ದನದ ಬಾಲದ ಕೂದಲು ಕಿತ್ತು ಲ್ಯಾಬಿಗೆ ಕಳಿಸಿ ಮಾಂಸ ಮೆದುವಾಗಿರುತ್ತೋ ಇಲ್ಲವೋ ತಿಳಿದುಕೊಳ್ಳುತ್ತಾರೆ ಅಂದಿದ್ದಾರೆ. ಇದು ನಿಜವೇ, ನಮ್ಮ ಹಳ್ಳಿಕಾರ್‌ಗೂ ಮಾಡಿಸಬಹುದೇ ಅಂತ ಕೇಳಿದ್ದೀರಿ. ಹಾಸನದಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ತಳಿಶಾಸ್ತ್ರ ಹೇಳಿಕೊಡುವವನಾಗಿ ಉತ್ತರಿಸುತ್ತಿದ್ದೇನೆ.

ಕೂದಲಿನ ವಿಷಯ ನಿಜ. ಡಿಎನ್‌ಎ ಸಿಗೋದು ಬುಡದಲ್ಲಿರುವ ಸಣ್ಣ ಬಿಳಿ ಗಂಟಿನಲ್ಲಿ. ಅದಕ್ಕೇ ಕತ್ತರಿಸಬಾರದು, ಬುಡಸಮೇತ ಕೀಳಬೇಕು. ಸಗಣಿ ಮೆತ್ತಿದ ಕೂದಲೂ ಬೇಡ.

ಇನ್ನು ಮೆದುತನ. ದನ ಕಡಿದ ಮೇಲೂ ಸ್ನಾಯುವಿನಲ್ಲಿ ಕ್ಯಾಲ್ಪೈನ್ ಎಂಬ ಕಿಣ್ವ ನಾರುಗಳನ್ನು ತುಂಡರಿಸುತ್ತಲೇ ಇರುತ್ತದೆ. ಮಾಂಸವನ್ನು ತಣ್ಣಗೆ ಕೆಲವು ದಿನ ಇಟ್ಟರೆ ಮೆದುವಾಗೋದು ಮುಖ್ಯವಾಗಿ ಇದರಿಂದ. ಕ್ಯಾಲ್ಪಾಸ್ಟಾಟಿನ್ ಎಂಬ ಇನ್ನೊಂದು ಪ್ರೋಟೀನು ಅದಕ್ಕೆ ಕಡಿವಾಣ. ಮೊದಲನೆಯದರ ಜೀನ್ 29ನೇ ವರ್ಣತಂತುವಿನಲ್ಲಿದೆ, ಎರಡನೆಯದರದು 7ರಲ್ಲಿ. ಈ ಜೀನುಗಳಲ್ಲಿ ಡಿಎನ್‌ಎ ಬರಹದ ಒಂದೊಂದು ಅಕ್ಷರ ಬದಲಾಗಿರುವ ಜಾಗಗಳನ್ನೇ ಮಾರ್ಕರ್ ಅಂತ ನೋಡುತ್ತಾರೆ.

ಆದರೆ ಒಂದು ತಳಿಯಲ್ಲಿ ಕೆಲಸಕ್ಕೆ ಬಂದ ಮಾರ್ಕರ್ ಇನ್ನೊಂದರಲ್ಲಿ ಬರಲೇಬೇಕೆಂದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳೋದೂ ಇದನ್ನೇ. ಕ್ಯಾಲ್ಪೈನ್ ಜೀನಿನ 316 ಎಂಬ ಮಾರ್ಕರ್ ಯುರೋಪಿನ ತಳಿಗಳಲ್ಲಿ ಉಪಯೋಗಕ್ಕೆ ಬಂತು. ಡುಬ್ಬವಿರುವ ಬ್ರಾಹ್ಮನ್ ದನಗಳಲ್ಲಿ ಅದರ ಒಳ್ಳೆಯ, ಅಂದರೆ ಮಾಂಸ ಮೆದುವಾಗಿಸುವ, ರೂಪವೇ ಅಪರೂಪ, ಹಾಗಾಗಿ ಆರಿಸಿಕೊಳ್ಳಲು ಅಲ್ಲಿ ಏನೂ ಉಳಿಯಲಿಲ್ಲ. ಆಮೇಲೆ 4751 ಎಂಬ ಬೇರೆ ಮಾರ್ಕರ್ ಎರಡೂ ಕಡೆ ಹೊಂದಿತು. ಬ್ರಾಹ್ಮನ್ ಅಂದರೆ ಓಂಗೋಲ್, ಗಿರ್, ಕಾಂಕ್ರೇಜ್, ನಮ್ಮ ಕೃಷ್ಣಾ ಕಣಿವೆ ದನಗಳ ರಕ್ತ ಸೇರಿ ಅಮೆರಿಕದಲ್ಲಿ ಬೆಳೆದ ತಳಿ, ಅಂದರೆ ನಮ್ಮ ದನಗಳ ನೆಂಟರೇ.

ಒಂದೇ ಜೀನು ದೊಡ್ಡ ಬದಲಾವಣೆ ತರುವುದೂ ಉಂಟು. ಬೆಲ್ಜಿಯನ್ ಬ್ಲೂ ತಳಿಯಲ್ಲಿ, ಮಾಂಸಖಂಡ ಬೆಳೆಯೋದಕ್ಕೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಜೀನಿನಲ್ಲಿ 11 ಅಕ್ಷರ ಕಾಣೆಯಾಗಿರೋದು 1997ರಲ್ಲಿ ಗೊತ್ತಾಯಿತು. ಮೈತುಂಬ ಮಾಂಸಖಂಡ ಬರುತ್ತದೆ ನಿಜ, ಆದರೆ ಕರು ಹಾಕೋದು ಎಷ್ಟು ಕಷ್ಟವೆಂದರೆ ಬಹುತೇಕ ಹಸುಗಳಿಗೆ ಆಪರೇಷನ್ನೇ ಗತಿ. ಇಂಥ ತಳಿ ಬೆಳೆಸಬೇಕೇ ಎಂಬುದೇ ನನ್ನ ತಕರಾರು.

ಮೆದುತನ ಹಾಗಲ್ಲ. ಹತ್ತಾರು ಜೀನುಗಳು ಒಂದಿಷ್ಟೊಂದಿಷ್ಟು ಸೇರಿಸುತ್ತವೆ. ಅದಕ್ಕೇ ಈಗ ಸಾವಿರಾರು ಮಾರ್ಕರ್ ಒಟ್ಟಿಗೆ ನೋಡುವ ಚಿಪ್ ಬಳಸುತ್ತಾರೆ. ಜೊತೆಗೆ ದನದ ವಯಸ್ಸು, ಕಡಿಯುವ ಮುಂಚೆ ಅದು ಬೆದರಿತ್ತೇ, ಕಡಿದ ತಕ್ಷಣ ಮಾಂಸವನ್ನು ಅತಿಯಾಗಿ ತಣ್ಣಗೆ ಮಾಡಿದರೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಹಳ್ಳಿಕಾರ್‌ಗೆ ಈ ಪರೀಕ್ಷೆ ಬೇಡ. ಅದು ಉಳುಮೆಗೆ, ಗಾಡಿಗೆ ಹೇಳಿಮಾಡಿಸಿದ ತಳಿ, ಮೇಲಾಗಿ 2020ರ ಕಾಯ್ದೆ ಪ್ರಕಾರ ರಾಜ್ಯದಲ್ಲಿ ದನ ಕಡಿಯುವಂತಿಲ್ಲ. ಆದರೆ ಅದೇ ಕೂದಲಿನ ಡಿಎನ್‌ಎಯಿಂದ ಈ ಕರು ಯಾವ ಹೋರಿಯದು, ತಳಿ ಬೆರಕೆಯಾಗಿದೆಯೇ ಅಂತ ನೋಡಬಹುದು. ಬೀಜದ ಹೋರಿ ಕೊಳ್ಳುವವರಿಗೆ ಇದು ನಿಜಕ್ಕೂ ಬೇಕಾದ ಮಾಹಿತಿ. ತಮ್ಮನ ಫಾರಂನಲ್ಲಿರೋದು ಯುರೋಪಿನ ತಳಿಯಾದ ಆಂಗಸ್ಸೋ ಬ್ರಾಹ್ಮನ್ನೋ, ವರದಿಯಲ್ಲಿ ಯಾವ ಮಾರ್ಕರ್ ಇದೆ ಅಂತ ಕೇಳಿ ತಿಳಿಸಿ, ಅದನ್ನು ಓದೋದು ಹೇಗೆ ಅಂತ ಹೇಳುತ್ತೇನೆ.